ತಿರುವಿನಲ್ಲಿ ನಿಲ್ಲುವ ನಡಿಗೆ

ಏಳನೆಯ ತಿಂಗಳು, ಹನ್ನೊಂದು

ಇವತ್ತು ಹುಲಿಯ ಬಾಯಿ ಕಟ್ಟುವ ಮೊದಲೇ ಕೆಮ್ಮಿಬಿಟ್ಟೆ.

ನಲವತ್ತನಾಲ್ಕು ವರ್ಷದಿಂದ ಮೇಳದಲ್ಲಿದ್ದೇನೆ, ಇಂಥ ತಪ್ಪು ಮಾಡಿದವನಲ್ಲ. ಹೊಸ ಜಾಗದಲ್ಲಿ ಬಿದಿರು ಕಟ್ಟಿ ರಂಗ ಎಬ್ಬಿಸಿದರೆ ಬಿಳಿಹುಲಿ ಬಂದು ಅಲ್ಲಿ ಕೂತಿರುತ್ತದೆ. ಕರಿಮುಖದ ದೇವರ ವೇಷದವನು ಬಂದು, ಹಂದಿಮಾಂಸದ ತುಂಡಿನ ಆಸೆ ತೋರಿಸಿ, ಅದನ್ನು ಹಿಡಿದು ಬಾಯಿಗೆ ಸರಪಳಿ ಬಿಗಿಯುವವರೆಗೆ ನಮ್ಮಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ. ಬಾಯಿ ಬಿಟ್ಟವನನ್ನು ಹುಲಿ ಗುರುತಿಟ್ಟುಕೊಳ್ಳುತ್ತದೆ. ಮೇಳಕ್ಕೆ ನಿನ್ನೆ ಸೇರಿದವರಿಗೂ ಇದು ಗೊತ್ತು.

ಮಧ್ಯಾಹ್ನ ಮೂರಕ್ಕೆ ಪೂಜೆ. ಇಡೀ ಚಪ್ಪರ ಉಸಿರು ಬಿಗಿಹಿಡಿದು ನಿಂತಿತ್ತು. ಹುಲಿ ಇನ್ನೂ ಮಾಂಸಕ್ಕೆ ಬಾಯಿ ಹಾಕಿರಲಿಲ್ಲ. ನನ್ನ ಗಂಟಲಲ್ಲಿ ಏನೋ ಕೆರೆದಂತಾಯಿತು, ಅಷ್ಟೇ. ಎರಡು ಒಣ ಕೆಮ್ಮು, ಸ್ವಲ್ಪ ಬಿಡುವು, ಆಮೇಲೆ ಒಂದು ಹಸಿ ಕೆಮ್ಮು. ಜಾಗಟೆಯವನ ಕೈ ಅಲ್ಲೇ ನಿಂತಿತು. ಹುಲಿ ನನ್ನ ಕಡೆ ತಿರುಗಿತು. ಆ ವೇಷದೊಳಗಿದ್ದವನು ನಮ್ಮ ಲಾಗ ಹಾಕುವ ನಟ, ದಿನಾ ನನ್ನ ಪಕ್ಕ ಕೂತು ಗಂಜಿ ಕುಡಿಯುವವನು. ಆದರೂ ಅವನ ಕಣ್ಣು ನೋಡಲು ನನಗೆ ಧೈರ್ಯ ಬರಲಿಲ್ಲ.

ಸರಪಳಿ ಬಿದ್ದು ಎಲ್ಲರ ಬಾಯಿ ಬಿಚ್ಚಿದ ಮೇಲೆ ಕ್ವಾಯ್ ಬಂದ. ವೇಷದ ಪೆಟ್ಟಿಗೆಗಳನ್ನು ನೋಡಿಕೊಳ್ಳುವವನು ಅವನೇ. ನನಗಿಂತ ಮೂರು ವರ್ಷ ದೊಡ್ಡವನು, ಒಂದು ಕಿವಿ ಕೆಪ್ಪು, ನಾಲಿಗೆ ಮಾತ್ರ ಎರಡಾಳಿನದು.

"ಏನೋ ಹಾಂಗ್, ಹುಲಿಗೂ ನಿನ್ನ ಪಾತ್ರ ತೋರಿಸ್ಬೇಕಿತ್ತಾ?"

"ಕೆಮ್ಮು ಮಾತಲ್ಲ ಕಣೋ."

"ಬೇರೆಯವರ ಕೆಮ್ಮು ಮಾತಲ್ಲ. ನಿನ್ನ ಕೆಮ್ಮು ಮಾತೇ. ಅದಕ್ಕೆ ಜನ ಚಪ್ಪಾಳೆ ಹೊಡೀತಾರಲ್ಲ."

ಅದು ನಿಜ. ನಾನು ರಂಗಕ್ಕೆ ಬರುವ ಮೊದಲು ಪರದೆಯ ಹಿಂದಿನಿಂದ ಆ ಕೆಮ್ಮು ಹೋಗುತ್ತದೆ. ಅದಕ್ಕೇ ಮೊದಲ ಚಪ್ಪಾಳೆ. ಮುದುಕನ ಪಾತ್ರಕ್ಕೆ ನನ್ನಂಥವನು ಈ ಸಮುದ್ರದ ಎರಡೂ ದಡದಲ್ಲಿ ಇನ್ನೊಬ್ಬನಿಲ್ಲ. ಮೂವತ್ತನೇ ವಯಸ್ಸಿಗೇ ಎಪ್ಪತ್ತರ ಮುದುಕನಾಗಿದ್ದೆ. ಹೇಗೆ ಎಂದು ಕೇಳಿದವರಿಗೆ ಸುಳ್ಳು ಹೇಳಿದ್ದೇನೆ. ನನ್ನ ಮುದುಕರೆಲ್ಲ ಎರವಲು. ಕೆಮ್ಮು ನಮ್ಮಮ್ಮನ ಅಣ್ಣ ಬೋ ಮಾಮನದು, ಅಫೀಮು ಸೇದಿ ಸೇದಿ ಸತ್ತವನು. ಚಹಾ ಬಟ್ಟಲು ಹಿಡಿದಾಗ ನಡುಗುವ ಕೈ ದೇವಸ್ಥಾನದ ಆಲದ ಮರದ ಕೆಳಗೆ ಕಾಗದ ಬರೆದುಕೊಡುತ್ತಿದ್ದ ತಾಮ್ ಮೇಷ್ಟರದು. ನಡಿಗೆ ಯಾರದೆಂದು ಇಲ್ಲಿ ಬರೆಯುವುದಿಲ್ಲ.

ಪೂಜೆ ಮುಗಿಯುತ್ತಿದ್ದಂತೆ ಮೇಳದ ಯಜಮಾನ ಮಾಕ್ ಬೆವರು ಒರೆಸಿಕೊಳ್ಳುತ್ತ ಬಂದು ಅದೇ ಹಳೆ ರಾಗ ತೆಗೆದ. "ಹಾಂಗ್ ಚಿಕ್ಕಪ್ಪ, ಕೋಪ ಮಾಡ್ಕೋಬೇಡಿ. ಫುಂಗ್‌ಗೆ ಆ ನಡಿಗೆ ಒಂದು ಹೇಳಿಕೊಟ್ಟುಬಿಡಿ. ನಿಮ್ಮ ಜೊತೇಲೇ ಅದು ಹೋಗ್ಬಾರ್ದು."

"ನಾನೆಲ್ಲಿಗೆ ಹೋಗ್ತಾ ಇದೀನಿ? ಬೀದಿ ತುಂಬ ಮುದುಕರಿದ್ದಾರೆ. ಹೋಗಿ ನೋಡಿ ಕಲೀಲಿ."

ಫುಂಗ್ ಅಲ್ಲೇ ಇದ್ದಳು, ಬೂಟಿನ ಅಡಿಗೆ ಬಿಳಿ ಬಳಿಯುತ್ತಿದ್ದಳು. ಮೂವತ್ತೈದರ ಹೆಂಗಸು, ತರುಣರ ಪಾತ್ರ ಮಾಡುತ್ತಾಳೆ. ಹನ್ನೊಂದು ವರ್ಷದಿಂದ ನನ್ನನ್ನು ಗುರುಗಳೆ ಎನ್ನುತ್ತಾಳೆ. ನಾನೇನು ಕಲಿಸಿದ್ದೇನೆಂದು ಹಾಗನ್ನುತ್ತಾಳೋ.

ಇದು ಪ್ರೇತಗಳನ್ನು ಹೊರಗೆ ಬಿಡುವ ತಿಂಗಳು. ಈ ಹಾ ವಾನ್ ಊರಿನವರು ಮುಂದಿನ ಸಾಲಿನಲ್ಲಿ ಸತ್ತವರಿಗಾಗಿ ಏಳು ಕುರ್ಚಿ ಹಾಕಿ ಕೆಂಪು ದಿಂಬು ಇಟ್ಟಿದ್ದಾರೆ. ಎಲ್ಲ ಊರಲ್ಲೂ ಇಡುತ್ತಾರೆ. ನಾನು ಅವನ್ನು ನೋಡಿಯೂ ನೋಡದೆ ಆಡುತ್ತ ಬಂದವನು.

ಹನ್ನೆರಡು

ಮೊದಲ ಹಗಲಾಟ. ಬಿಸಿಲು ತಗಡಿನ ಸಂದಿಯಿಂದ ಇಳಿದು ಮುಂದಿನ ಸಾಲಿನ ಮೇಲೆ ಬಿದ್ದಿತ್ತು. ನನ್ನ ಸರದಿ ಬಂತು. ಪರದೆಯ ಹಿಂದೆ ನಿಂತು ಎದೆಗೆ ಗಾಳಿ ತುಂಬಿಕೊಂಡೆ.

ನಾನು ಕೆಮ್ಮುವ ಮೊದಲೇ ಎದುರಿನಿಂದ ಯಾರೋ ಕೆಮ್ಮಿದರು. ಎರಡು ಒಣ, ಬಿಡುವು, ಒಂದು ಹಸಿ.

ಪರದೆಯ ಸಂದಿಯಿಂದ ನೋಡಿದೆ. ಸದ್ದು ಬಂದದ್ದು ಮುಂದಿನ ಸಾಲಿನಿಂದ. ಅಲ್ಲಿ ಯಾರೂ ಇಲ್ಲ. ಮೊದಲನೆಯ ಕುರ್ಚಿಯ ದಿಂಬು ಮಾತ್ರ ನಡುವೆ ಕುಸಿದಿತ್ತು, ಯಾರೋ ಕೂತು ಒರಗಿದ ಹಾಗೆ. ನಾನು ಕೆಮ್ಮಲು ಹೋದೆ. ಬಂದದ್ದು ಶಿಳ್ಳೆಯಂಥ ಗಾಳಿ. ಮತ್ತೆ ಪ್ರಯತ್ನಿಸಿದೆ, ಅದೂ ಇಲ್ಲ. ಮೂವತ್ತೈದು ವರ್ಷ ನನ್ನ ಗಂಟಲಲ್ಲಿ ಮನೆ ಮಾಡಿಕೊಂಡಿದ್ದ ಕೆಮ್ಮು ಹೋಗಿತ್ತು. ಕೆಮ್ಮದೆಯೇ ರಂಗಕ್ಕೆ ನಡೆದೆ. ಚಪ್ಪಾಳೆ ಬೀಳಲಿಲ್ಲ. ಬೆಸ್ತರ ಹೆಂಗಸರು ಕಲ್ಲಂಗಡಿ ಬೀಜ ಬಿಡಿಸುತ್ತ ಕೂತೇ ಇದ್ದರು.

ಒಳಗೆ ಬಂದು ಕ್ವಾಯ್‌ನನ್ನು ಕೇಳಿದೆ, ಎದುರಿಂದ ಕೆಮ್ಮಿದ್ದು ಯಾರು ಎಂದು.

"ಎದುರಿಂದಾನಾ? ನೀನೇ ಕೆಮ್ಮಿದ್ದು ಅಂದ್ಕೊಂಡೆ. ಚೆನ್ನಾಗಿ ಕೆಮ್ಮಿದೆ ಇವತ್ತು."

ಬಣ್ಣದ ಮನೆಯಲ್ಲಿ ಸಂಜೆಯವರೆಗೂ ಸಿಹಿಯಾದ ಸುಟ್ಟ ವಾಸನೆ ಇತ್ತು. ಬೋ ಮಾಮನ ಕೋಣೆಯ ವಾಸನೆ. ಮೇಳ ಕಾಯುವ ವಾ ಕ್ವೋಂಗ್ ದೇವರ ಮುಂದೆ ಊದುಕಡ್ಡಿ ಹಚ್ಚಿ, ಅದರದ್ದೇ ವಾಸನೆ ಎಂದು ಮನಸ್ಸಿಗೆ ಹೇಳಿಕೊಂಡೆ.

ಹದಿಮೂರು

ಕೆಮ್ಮು ರಂಗದ ಮೇಲೆ ಬರುವುದಿಲ್ಲ, ಊಟಕ್ಕೆ ಕೂತಾಗ ಬೇಡವೆಂದರೂ ಬರುತ್ತದೆ. ಆದರೆ ಅದು ಬೇರೆ ಕೆಮ್ಮು. ಹಾಳು ಕೆಮ್ಮು, ತಾಳವೇ ಇಲ್ಲ. ಅದನ್ನು ಜನರ ಮುಂದೆ ಇಡಲಾಗದು.

ಫುಂಗ್ ಗಂಟಲಿಗೆ ಲೇಹ ತಂದು ಪೆಟ್ಟಿಗೆಯ ಮೇಲಿಟ್ಟು ಹೋದಳು. ನಾನು ಕೇಳಿರಲಿಲ್ಲ.

ಕರವಸ್ತ್ರದಲ್ಲಿ ಕೆಂಪು. ತುಟಿಯ ಬಣ್ಣ ಸರಿಯಾಗಿ ಒರೆಸಿಕೊಂಡಿರಲಿಲ್ಲ.

ಹದಿನಾಲ್ಕು

ಇವತ್ತು ಕೈ ಹೋಯಿತು.

ದೃಶ್ಯ ಸಣ್ಣದು. ಮುದಿ ಮಂತ್ರಿಗೆ ಸೊಸೆ ಚಹಾ ಕೊಡುತ್ತಾಳೆ. ಅವನ ಕೈ ನಡುಗುತ್ತದೆ. ಬಟ್ಟಲ ಮುಚ್ಚಳ ಬಟ್ಟಲಿಗೆ ತಾಗಿ ಟಿಕಿಟಿಕಿ ಎನ್ನಬೇಕು, ಆದರೆ ಒಂದು ಹನಿಯೂ ಚೆಲ್ಲಬಾರದು. ಆ ಸದ್ದು ಕೇಳಲು ವಾದ್ಯದವರು ಕೈ ನಿಲ್ಲಿಸುತ್ತಾರೆ. ಅದನ್ನು ಕಲಿಯಲು ಎರಡು ಬೇಸಿಗೆ ತಾಮ್ ಮೇಷ್ಟರ ಎದುರು ಕೂತು, ಮನೆಗೆಂದು ಹೇಳಿ, ಯಾರಿಗೂ ಕಳಿಸದ ಕಾಗದಗಳನ್ನು ಬರೆಸಿದ್ದೆ. ಪಾಪ, ಅವರು ನಾನು ಮನೆಯ ಮೇಲೆ ಜೀವ ಇಟ್ಟುಕೊಂಡವನೆಂದು ತಿಳಿದಿದ್ದರು. ಕಾಗದದ ಕೊನೆಗೆ ತಾವೇ ಒಂದು ಸಾಲು ಸೇರಿಸುತ್ತಿದ್ದರು, ತಂದೆಯವರ ಮಂಡಿನೋವು ಹೇಗಿದೆ ಎಂದು.

ವಾದ್ಯ ನಿಂತಿತು. ಬಟ್ಟಲು ಹಿಡಿದೆ. ನನ್ನ ಕೈ ಕಲ್ಲಿನ ಹಾಗೆ ನಿಂತಿತು. ಅಲುಗಿಸಲು ನೋಡಿದೆ. ಅದು ಬೇಕೆಂದೇ ಅಲುಗಿಸಿದ ಹಾಗೆ ಕಂಡಿತು, ಬಾಗಿಲು ತಟ್ಟುವವನ ಕೈಯಂತೆ. ಸೊಸೆಯ ಪಾತ್ರದವಳು ನಗು ತಡೆದುಕೊಂಡಳು. ಆಗ ನನಗೆ ಟಿಕಿಟಿಕಿ ಕೇಳಿಸಿತು. ನನ್ನ ಬಟ್ಟಲಿನದಲ್ಲ. ಎರಡನೆಯ ಕುರ್ಚಿಯ ದಿಂಬಿನ ತುದಿಗೆ ಕಟ್ಟಿದ್ದ ಸಣ್ಣ ಗಂಟೆ, ಗಾಳಿಯಿಲ್ಲದ ಮಧ್ಯಾಹ್ನದಲ್ಲಿ, ತಾನಾಗಿ ಅಲುಗುತ್ತಿತ್ತು.

"ಹದಿನೆಂಟರ ಹುಡುಗನ ಕೈ ಇದ್ದಂಗಿತ್ತಲ್ಲೋ," ಎಂದ ಕ್ವಾಯ್. ತಮಾಷೆಗೆ ಅಂದದ್ದು. ನಾನು ನಗದಿದ್ದಾಗ ನನ್ನ ವೇಷದ ಬಿಳಿ ಗಡ್ಡವನ್ನು ಬಾಚತೊಡಗಿದ.

ಈ ಅಕ್ಷರಗಳು ಸೊಟ್ಟಗಾಗುತ್ತಿವೆ. ಬಿದಿರಿನ ನೆಲ ಅಲುಗುತ್ತದೆ, ಪೆಟ್ಟಿಗೆಯೂ ಅಲುಗುತ್ತದೆ, ಅದರ ಮೇಲೆ ಬರೆಯುವುದು ಕಷ್ಟ. ಬೆಳಿಗ್ಗೆ ಗುಂಡಿ ಹಾಕಿಕೊಳ್ಳಲೂ ಆಗಲಿಲ್ಲ. ಫುಂಗ್ ಹಾಕಿಕೊಟ್ಟಳು.

ಹದಿನೈದು

ಪ್ರೇತಗಳ ಹಬ್ಬದ ದಿನ. ಮಳೆ. ಕಾಗದದ ಯಮದೂತನನ್ನು ಸುಡಲಾಗದೆ ಊರವರು ಟಾರ್ಪಾಲಿನ ಕೆಳಗೆ ಕಾಯುತ್ತಿದ್ದಾರೆ. ಆಟ ನಿಂತಿತು.

ಮಳೆಯಲ್ಲೇ ಮಾಕ್ ಬಂದ. ಕೊಡೆಯಿಂದ ನೀರು ಇಳಿಸುತ್ತ, ನನ್ನ ಕಣ್ಣು ತಪ್ಪಿಸಿ, ಹದಿನೇಳರ ಆಟದ ಮಾತು ತೆಗೆದ. ಕೊನೆಯ ದಿನ 'ಎಲುಬು ಹೊತ್ತು ಬಂದ ತಂದೆ'. ಇಲ್ಲಿನ ದೋಣಿಗಳು ರಾತ್ರಿ ಬಲೆಗೆ ಹೋಗುವುದರಿಂದ ಅದೂ ಹಗಲಾಟವೇ. ಗಡಿಯಲ್ಲಿ ಸತ್ತ ಮಗನ ಎಲುಬು ತರಲು ತಂದೆ ಹಿಮದಲ್ಲಿ ನಡೆದು ಹೋಗುತ್ತಾನೆ. ಮಗನ ಪ್ರೇತ ಮಾತಿಲ್ಲದೆ ಅವನ ಹಿಂದೆಯೇ ನಡೆಯುತ್ತದೆ. ರಂಗಕ್ಕೆ ಮೂರು ಸುತ್ತು, ಹಾಡಿಲ್ಲ, ಬರೀ ನಡಿಗೆ. ನನ್ನ ಹೆಸರು ನಿಂತಿರುವುದೇ ಆ ಮೂರು ಸುತ್ತಿನ ಮೇಲೆ. ಮಗನ ಪಾತ್ರ ಫುಂಗ್‌ಳದು.

"ತಂದೆ ಪಾತ್ರ ಫುಂಗ್ ಮಾಡ್ಲಿ, ಚಿಕ್ಕಪ್ಪ. ಮಗನ್ನ ಇನ್ಯಾರಾದ್ರೂ ಮಾಡ್ತಾರೆ. ನೀವು ಕೂತ್ಕೊಂಡು ನೋಡಿ."

"ಎಲ್ಲಿ ಕೂತ್ಕೊಳ್ಲಿ? ಮುಂದಿನ ಸಾಲಲ್ಲಾ?"

ಅವನ ಮುಖ ಬಿಳುಚಿತು. ಮೂಲೆಯಿಂದ ಫುಂಗ್ ಹೇಳಿದಳು: "ನಾನು ಮಾಡಲ್ಲ ಯಜಮಾನ್ರೇ. ಗುರುಗಳು ಇರೋವಾಗ ನಾನ್ಯಾಕೆ."

"ಮಾಡಲ್ಲ ಅಂದ್ರೆ ಏನು," ಎಂದು ಅವಳ ಮೇಲೇ ರೇಗಿದೆ. "ಬರಲ್ಲ ಅನ್ನು. ನಿನಗೆ ಆ ನಡಿಗೆ ಬರಲ್ಲ."

"ಹೌದು ಗುರುಗಳೆ. ಬರಲ್ಲ."

ಎದುರು ಮಾತಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಈಗ ಬಾಯಿಯೆಲ್ಲ ಕಹಿ.

ಹದಿನಾರು

ಬೆಳಿಗ್ಗೆ ಮಳೆ ನಿಂತಿತು. ಹಲ್ಲುಜ್ಜುತ್ತ ಚಪ್ಪರದೊಳಗೆ ಹೋದೆ. ಯಾರೂ ಇರಲಿಲ್ಲ. ಮುಂದಿನ ಸಾಲಿನ ನೆಲ ಕೆಸರಾಗಿ ನುಣುಪಾಗಿತ್ತು. ಮೊದಲನೆಯ ಕುರ್ಚಿಯ ದಿಂಬು ಉಬ್ಬಿಕೊಂಡಿತ್ತು, ಎರಡನೆಯದೂ. ಬೋ ಮಾಮ, ತಾಮ್ ಮೇಷ್ಟರು, ಇಬ್ಬರೂ ತಮ್ಮದು ತೆಗೆದುಕೊಂಡು ಎದ್ದು ಹೋಗಿದ್ದಾರೆ. ಮೂರನೆಯ ಕುರ್ಚಿಯ ದಿಂಬು ಕುಸಿದಿತ್ತು. ಕೆಸರಿನಲ್ಲಿ ಬಾಗಿಲಿಂದ ಆ ಕುರ್ಚಿಯವರೆಗೆ ಗುರುತು ಬಿದ್ದಿತ್ತು. ಎಡಗಾಲಿನ ಹೆಜ್ಜೆ ಸ್ಪಷ್ಟ. ಬಲಗಾಲಿದ್ದಲ್ಲಿ ಹೆಜ್ಜೆಯಿಲ್ಲ, ಎಳೆದ ಗೀರು.

ಬಾಯಿಯಲ್ಲಿದ್ದ ನೊರೆ ಉಗಿಯುವುದನ್ನೂ ಮರೆತು ಅಲ್ಲೇ ನಿಂತಿದ್ದೆ. ಹಿಂದಿರುಗಿ ಹೋದ ಗುರುತು ಎಲ್ಲೂ ಇರಲಿಲ್ಲ.

ಇನ್ನು ಬರೆಯದಿದ್ದರೆ ಆಗದು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆಹುಳು, ಮನೆ, ಎಲ್ಲ ಬಿಟ್ಟು ಮೇಳದ ಕೆಂಪು ದೋಣಿ ಹತ್ತಿದೆ. ಯಾರಿಗೂ ಹೇಳಲಿಲ್ಲ. ಆ ಚಳಿಗಾಲ ಫೋಶಾನ್ ಪೇಟೆಯಲ್ಲಿ ಆಟವಿತ್ತು. ನಾನಾಗ ರಂಗದಲ್ಲಿ ಬಾವುಟ ಹಿಡಿಯುವ ಸೈನಿಕ. ನನ್ನ ಗುರು ದಿನಾ ಬಯ್ಯುತ್ತಿದ್ದರು, ಮುದುಕನ ನಡಿಗೆ ಬೇಕಿದ್ದರೆ ಕನ್ನಡಿಯಲ್ಲಿ ಹುಡುಕಬೇಡ, ಬೀದಿಯಲ್ಲಿ ಹುಡುಕು ಎಂದು. ಒಂದು ಬೆಳಿಗ್ಗೆ ಬೀದಿಗೆ ಇಳಿದೆ. ಎದುರಿನ ನಾಟಕಶಾಲೆಯ ಬಾಗಿಲಲ್ಲಿ ನನ್ನ ಅಪ್ಪ ನಿಂತಿದ್ದ.

ಏಣಿಯಿಂದ ಬಿದ್ದು ಅವನ ಬಲಮಂಡಿ ಮಡಿಯದಾಗಿತ್ತು. ಅದೇ ಕಾಲಿನಲ್ಲಿ ಎರಡು ದಿನದ ದಾರಿ ನಡೆದು ಬಂದಿದ್ದ. ಬಾಗಿಲ ಕಾವಲಿನವನನ್ನು ಕೇಳುತ್ತಿದ್ದ, ಸೆಕ್‌ಹಾಂಗ್ ಅಂತ ಹುಡುಗ, ಎಡಹುಬ್ಬಿನ ಮೇಲೆ ಗಾಯದ ಕಲೆ ಇದೆ, ನೋಡಿದ್ದೀರಾ ಎಂದು. ನಾನು ಇಪ್ಪತ್ತು ಹೆಜ್ಜೆ ಆಚೆ ಎಣ್ಣೆ ಅಂಗಡಿಯ ಕಂಬದ ಹಿಂದಿದ್ದೆ. ಕರೆದರೆ ಮನೆಗೆ ಹೋಗಬೇಕಾಗುತ್ತದೆ. ಕರೆಯಲಿಲ್ಲ.

ಬಿಟ್ಟು ಹೋಗಲೂ ಆಗಲಿಲ್ಲ. ಅವನ ಹಿಂದೆ ನಡೆದೆ. ಬೆಳಿಗ್ಗೆಯಿಂದ ಹೊತ್ತು ಮುಳುಗುವವರೆಗೆ, ನಾಟಕಶಾಲೆಯಿಂದ ನಾಟಕಶಾಲೆಗೆ. ಮೊದಲು ಸಂಕಟದಿಂದ ನಡೆದೆ. ಮಧ್ಯಾಹ್ನದ ಹೊತ್ತಿಗೆ ನೋಡುತ್ತಿದ್ದೆ. ಸಂಜೆಯ ಹೊತ್ತಿಗೆ, ದೇವರೇ, ಕಲಿಯುತ್ತಿದ್ದೆ. ಎಡಗಾಲು ಇಟ್ಟು, ಸೊಂಟ ಎತ್ತಿ, ಬಲಗಾಲು ಎಳೆಯುವುದು. ಭುಜ ಒಂದು ಬೆರಳಷ್ಟು ಇಳಿಯುವುದು. ಪ್ರತಿ ಬೀದಿಯ ತಿರುವಿನಲ್ಲಿ ಅರೆಗಳಿಗೆ ನಿಲ್ಲುವುದು, ಕತ್ತು ಎಡಕ್ಕೆ ಅರ್ಧ ತಿರುಗಿ, ಪೂರ್ತಿ ತಿರುಗದೆ, ಮತ್ತೆ ಹೊರಡುವುದು. ಮಂಡಿ ನೋಯುತ್ತಿರಬೇಕು, ಅದಕ್ಕೇ ನಿಲ್ಲುತ್ತಾನೆ ಎಂದುಕೊಂಡೆ. ಅವನು ದಡದ ದೋಣಿ ಹತ್ತಿ ಹೋದ. ನಾನು ಚೌಕದಲ್ಲಿ ನಿಂತು ಆ ನಡಿಗೆಯನ್ನು ಹತ್ತು ಸಲ ನಡೆದು ನೋಡಿದೆ. ಹತ್ತನೆಯ ಸಲಕ್ಕೆ ನನ್ನದಾಯಿತು.

ಆ ಚಳಿಗಾಲ ಮುಗಿಯುವ ಮೊದಲೇ ಅಪ್ಪ ಸತ್ತ. ನನಗೆ ಸುದ್ದಿ ಬಂದದ್ದು ನಾಲ್ಕನೆಯ ತಿಂಗಳಲ್ಲಿ.

ಆಮೇಲೆ ಜನ ಆ ನಡಿಗೆ ನೋಡಿ ಅತ್ತರು, ಅದರಲ್ಲೂ ತಿರುವಿನ ಆ ಅರೆನಿಲುಗಡೆಗೆ. ಪತ್ರಿಕೆಯವರು ಬರೆದರು. ನಾನು ತಲೆಬಾಗಿ ಕೈಮುಗಿದೆ. ಫುಂಗ್‌ಗೆ ಏಕೆ ಹೇಳಿಕೊಡಲಿಲ್ಲವೆಂದರೆ, ಹೇಳಿಕೊಡಬೇಕಾದರೆ ಇದನ್ನೆಲ್ಲ ಹೇಳಬೇಕು.

ನಾಳೆ ಅಪ್ಪ ಅದನ್ನು ತೆಗೆದುಕೊಂಡು ಹೋಗುತ್ತಾನೆ. ಅವನದು, ತೆಗೆದುಕೊಂಡು ಹೋಗಲಿ. ಆದರೆ ಮೂರು ಸುತ್ತು ಮುಗಿದ ಮೇಲೆ ಎಂದು ಕೇಳಿಕೊಳ್ಳಬೇಕೆನಿಸುತ್ತದೆ. ಅಷ್ಟು ಕೇಳಲೂ ಮುಖವಿಲ್ಲ.

ಹದಿನೇಳು

ಆಟ ಮುಗಿದು ಎರಡು ಗಂಟೆಯಾಗಿದೆ. ಹೊರಗೆ ಆಗಲೇ ಬಿದಿರು ಬಿಚ್ಚುತ್ತಿದ್ದಾರೆ. ಇನ್ನೂ ಬಣ್ಣ ತೆಗೆದಿಲ್ಲ, ಮರೆಯುವ ಮೊದಲು ಬರೆಯಬೇಕು.

ಬೆಳಿಗ್ಗೆ ಯಾರೂ ನೋಡದಾಗ ನಡೆದು ನೋಡಿದೆ. ನಡಿಗೆ ಇಲ್ಲ. ಬಲಗಾಲು ಎಳೆಯಲು ಹೋದರೆ ಕಾಲು ಸಲೀಸಾಗಿ ಮಡಿಯಿತು. ಸೊಂಟಕ್ಕೆ ಏನೂ ನೆನಪಿಲ್ಲ. ಮಾಕ್‌ನ ಹತ್ತಿರ ಹೋಗಿ ಸೋತೆ ಎನ್ನಲು ಬಣ್ಣದ ಮನೆಯ ಬಾಗಿಲ ತನಕ ಹೋದೆ. ಅಲ್ಲಿ ಫುಂಗ್ ಮುಖಕ್ಕೆ ಸುಣ್ಣದ ಬಿಳಿ ಹಚ್ಚಿಕೊಂಡು ಪ್ರೇತವಾಗಿ ಕೂತಿದ್ದಳು. ನನ್ನ ಗಡ್ಡವನ್ನು ಬಾಚಿ ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಗುರುಗಳೆ, ಒಂದು ಮಾತು ಹೇಳ್ಲಾ? ಬಯ್ಯಬೇಡಿ. ಹುಲಿ ಪೂಜೆ ದಿನ ನೀವು ಕೆಮ್ಮಿದ್ದು ನಾಟಕದ ಕೆಮ್ಮಲ್ಲ. ಆರು ತಿಂಗಳಿಂದ ಕೇಳ್ತಾ ಇದೀನಿ. ನಾಳೆ ಪಟ್ಟಣಕ್ಕೆ ಹೋದ ತಕ್ಷಣ ಡಾಕ್ಟರ ಹತ್ರ ಹೋಗೋಣ."

"ಸುಮ್ಮನೆ ಗಡ್ಡ ಕಟ್ಟು," ಎಂದೆ.

ಕಿವಿಯ ಹಿಂದೆ ತಂತಿ ಸಿಕ್ಕಿಸುವಾಗ ಅವಳ ಕೈ ತಣ್ಣಗಿತ್ತು. ಆರು ತಿಂಗಳು. ನಾನು ಮಾತ್ರ ಕೇಳಿಸಿಕೊಂಡಿರಲಿಲ್ಲ.

ಚಪ್ಪರ ತುಂಬಿತ್ತು. ರಂಗಕ್ಕೆ ಕಾಲಿಟ್ಟೆ. ಕೆಮ್ಮಿಲ್ಲ, ಕೈಯಿಲ್ಲ, ನಡಿಗೆಯಿಲ್ಲ. ಬಿಳಿ ಗಡ್ಡ ಕಟ್ಟಿದ ಒಬ್ಬ ಮನುಷ್ಯ ನಿಂತಿದ್ದೆ, ಅಷ್ಟೇ. ಮೂರನೆಯ ಕುರ್ಚಿಯ ದಿಂಬು ಕುಸಿದೇ ಇತ್ತು. ಬಿಸಿಲು ಅದರ ಮೇಲೆ ಬಿದ್ದರೂ ಬೆಳಗುತ್ತಿರಲಿಲ್ಲ. ಕಾಗದದ ಹಿಮ ಬೀಳತೊಡಗಿತು. ತಾಳ ಶುರುವಾಯಿತು.

ನನಗೆ ಹೇಗೆ ಬಂತೋ ಹಾಗೆ ನಡೆದೆ. ಬೇರೆ ದಾರಿ ಇರಲಿಲ್ಲ. ಹತ್ತು ಹೆಜ್ಜೆಗೆ ಉಸಿರು ಸಿಕ್ಕಿಕೊಂಡಿತು. ದಪ್ಪ ಅಡಿಯ ಬೂಟು ಕಬ್ಬಿಣದಂತಿತ್ತು. ಎದೆಯ ಎಡಭಾಗಕ್ಕೆ ಕೈ ಹೋಯಿತು, ನಾನು ಕಳಿಸಿದ್ದಲ್ಲ. ಆ ಹಾಳು ಕೆಮ್ಮು ಬಂತು, ತಾಳವಿಲ್ಲದ್ದು, ಅದನ್ನು ಗಡ್ಡದಲ್ಲಿ ಮುಚ್ಚಿಕೊಂಡೆ. ಸಭೆ ಸದ್ದಡಗಿತ್ತು. ಬೀಜ ಬಿಡಿಸುವ ಸದ್ದೂ ಇರಲಿಲ್ಲ.

ಹಿಂದೆ ಫುಂಗ್‌ಳ ಹೆಜ್ಜೆ ಕೇಳುತ್ತಿತ್ತು. ಪ್ರೇತದ ಹೆಜ್ಜೆ, ಬಟ್ಟೆ ಸುತ್ತಿದ ಬೂಟು, ನೆಲಕ್ಕೆ ತಾಗಿಯೂ ತಾಗದ ಹಾಗೆ. ಮುಂದಿದ್ದವನಿಗೆ ಮಾತ್ರ ಕೇಳುವಷ್ಟು.

ರಂಗದ ಮೊದಲ ತಿರುವು ಬಂತು. ಇನ್ನು ಒಬ್ಬನೇ ನಡೆಯಲಾರೆ, ಬಿದ್ದೇನು ಎನಿಸಿತು. ಅವಳು ಹತ್ತಿರ ಬರಲಿ ಎಂದು ಅರೆಗಳಿಗೆ ನಿಧಾನಿಸಿದೆ. ಪೂರ್ತಿ ತಿರುಗುವಂತಿಲ್ಲ, ಆಟದಲ್ಲಿ ತಂದೆಗೆ ಮಗ ಕಾಣಬಾರದು. ಕತ್ತನ್ನು ಎಡಕ್ಕೆ ಅರ್ಧ ತಿರುಗಿಸಿದೆ, ಬರುತ್ತಿದ್ದಾಳೋ ಎಂದು ಕಿವಿಯಿಂದ ನೋಡಲು. ಬರುತ್ತಿದ್ದಳು. ಮತ್ತೆ ಹೊರಟೆ.

ಎರಡನೆಯ ತಿರುವಿನಲ್ಲೂ ಹಾಗೇ ಮಾಡಿದೆ. ಸಭೆಯಲ್ಲಿ ಒಬ್ಬ ಹೆಂಗಸು ಅಳುವುದು ಕೇಳಿಸಿತು. ಅಲ್ಲಿ ನನಗೆ ತಿಳಿಯಿತು.

ಮಂಡಿ ನೋವಲ್ಲ. ಆ ದಿನ ಫೋಶಾನ್‌ನ ಪ್ರತಿ ತಿರುವಿನಲ್ಲಿ ಅಪ್ಪ ನಿಂತದ್ದು ಮಂಡಿಗಾಗಿ ಅಲ್ಲ. ಅವನಿಗೆ ನನ್ನ ಹೆಜ್ಜೆ ಗೊತ್ತಿತ್ತು. ಹತ್ತೊಂಬತ್ತು ವರ್ಷ ಮನೆಯಂಗಳದಲ್ಲಿ ಕೇಳಿದ ಹೆಜ್ಜೆ. ಬೆಳಿಗ್ಗೆಯಿಂದಲೇ ಗೊತ್ತಿತ್ತು. ತಿರುಗಿ ನೋಡಿದರೆ ನಾನು ಓಡಿಹೋಗುತ್ತೇನೆಂದೂ ಗೊತ್ತಿತ್ತು. ಅದಕ್ಕೇ ಪೂರ್ತಿ ತಿರುಗಲಿಲ್ಲ. ನಿಂತ, ಕತ್ತು ಅರ್ಧ ತಿರುಗಿಸಿದ, ಕರೆಯುತ್ತೇನೇನೋ ಎಂದು ಕಾದ. ಇಡೀ ದಿನ, ಒಂದೊಂದು ತಿರುವಿನಲ್ಲೂ ಕಾದ. ನಾನು ಅವನ ಕಾಯುವಿಕೆಯನ್ನು ಕಲಿತುಕೊಂಡೆ. ಮೂವತ್ತೈದು ವರ್ಷ ಅದನ್ನು ಜನರಿಗೆ ತೋರಿಸಿ ಹೆಸರು ಮಾಡಿದೆ, ಅದು ಏನೆಂದು ತಿಳಿಯದೆ.

ಮೂರನೆಯ ತಿರುವಿನಲ್ಲಿ ನಾನು ಪೂರ್ತಿ ತಿರುಗಿದೆ. ಈ ಆಟದಲ್ಲಿ ಯಾರೂ ಹಾಗೆ ಮಾಡಿಲ್ಲ, ಮಾಡಲೂಬಾರದು. ಫುಂಗ್ ದಿಕ್ಕುತೋಚದೆ ನಿಂತಳು. ಅವಳ ಬಿಳಿ ಮುಖದಲ್ಲಿ ಕಣ್ಣು ಎರಡೂ ತುಂಬಿದ್ದವು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು ನನ್ನ ಮೊಣಕೈ ಹಿಡಿದಳು. ಪ್ರೇತ ಮನುಷ್ಯನನ್ನು ಮುಟ್ಟುವಂತಿಲ್ಲ. ಜಾಗಟೆಯವನು ಏನು ಮಾಡಬೇಕೆಂದು ತಿಳಿಯದೆ ಕೈ ನಿಲ್ಲಿಸಿದ. ಆ ಸದ್ದಿಲ್ಲದ ಹೊತ್ತಿನಲ್ಲಿ ನಾನು ಅವಳ ಭುಜದ ಮೇಲಿಂದ ಮೂರನೆಯ ಕುರ್ಚಿ ನೋಡಿ ಹೇಳಿದೆ, "ಅಪ್ಪಾ, ನಾನೇ."

ಜನ ಅದನ್ನು ಆಟದ ಮಾತೆಂದೇ ತಿಳಿದರು. ಸಾಯುವ ಹೊತ್ತಿಗೆ ಮುದುಕರು ಅಪ್ಪನನ್ನು ಕರೆಯುತ್ತಾರಲ್ಲ, ಹಾಗೆಂದು. ಚಪ್ಪರವೆಲ್ಲ ಅಳುತ್ತಿತ್ತು. ಕುರ್ಚಿ ಕಿರುಗುಟ್ಟಿತು. ದಿಂಬು ಮೆಲ್ಲಗೆ ಮೇಲೆದ್ದಿತು.

ಒಳಗೆ ಬಂದ ಮೇಲೆ ಮಾಕ್ ಸ್ಟೂಲು ತಂದು ಹಾಕಿದ. ಕ್ವಾಯ್ ಮಾತ್ರ ಮೂಗು ಒರೆಸುತ್ತ, "ಇವತ್ತು ಎಲ್ಲಿಂದ ತಂದ್ಯೋ ಅದನ್ನ?" ಎಂದ.

"ಎಲ್ಲಿಂದಾನೂ ಇಲ್ಲ ಕಣೋ. ನಂದೇ."

ಹದಿನೆಂಟು

ಬೆಳಿಗ್ಗೆ ಏಳರ ದೋಣಿಗೆ ಪಟ್ಟಣಕ್ಕೆ ಬಂದೆವು. ಸಮುದ್ರ ಶಾಂತವಾಗಿತ್ತು. ಗಡ್ಡದ ಪೆಟ್ಟಿಗೆಯನ್ನು ಫುಂಗ್‌ಳ ಕೈಗೆ ಕೊಟ್ಟೆ. ಬಿಳಿಯದು, ಬೂದು, ಕರಿಯದು, ಮೂರೂ.

"ಇಟ್ಕೋ. ತಿರುವಿನಲ್ಲಿ ನಿಲ್ಲೋದು ಮಂಡಿ ನೋವಿಗಲ್ಲ, ತಿಳ್ಕೋ."

"ಗೊತ್ತು ಗುರುಗಳೆ," ಎಂದಳು. "ಹನ್ನೊಂದು ವರ್ಷದಿಂದ ನಿಮ್ಮ ಹಿಂದೆ ನಡೀತಾ ಇದೀನಲ್ಲ. ನನಗೋಸ್ಕರ ನಿಲ್ತೀರ ಅಂತಾನೇ ಅಂದ್ಕೊಂಡಿದ್ದೆ."

ಅವಳಿಗೆ ಎಲ್ಲ ಹೇಳಿದೆ, ಎಣ್ಣೆ ಅಂಗಡಿಯ ಕಂಬದಿಂದ ಹಿಡಿದು. ಕೇಳಿ ಮುಗಿಸಿ, ಲೇಹದ ಬಾಟಲಿ ತೆಗೆದು ಒಂದು ಚಮಚ ತಿನ್ನಿಸಿದಳು.

ಈಗ ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಎದೆಯ ಎಕ್ಸ್‌ರೇ ತೆಗೆಯುತ್ತಾರಂತೆ. ಕರೆಯುವ ಮೊದಲು ಇದಿಷ್ಟು.

ಬಂದರಿನಿಂದ ಇಲ್ಲಿಗೆ ನಡೆದೇ ಬಂದೆವು, ದೂರವಿಲ್ಲ. ನಾನು ಮುಂದೆ, ಪೆಟ್ಟಿಗೆ ಹೊತ್ತು ಫುಂಗ್ ಹಿಂದೆ. ಬೀದಿಯಲ್ಲಿ ಬಿಸಿಲು ಚೆನ್ನಾಗಿತ್ತು, ಅಂಗಡಿಯವರು ಬಾಗಿಲು ತೆಗೆಯುತ್ತಿದ್ದರು. ಅವಳ ಹೆಜ್ಜೆ ಕೇಳುತ್ತಿತ್ತು. ಅವಳ ಹೆಜ್ಜೆಯ ಹಿಂದೆ ಇನ್ನೊಂದು ಹೆಜ್ಜೆಯೂ ಕೇಳುತ್ತಿತ್ತು. ಎಡಗಾಲು ಊರಿ, ಬಲಗಾಲು ಎಳೆಯುವುದು. ಸ್ವಲ್ಪ ಹಿಂದೆ ಬಿದ್ದಿತ್ತು, ಆ ಕಾಲಿಗೆ ಇಷ್ಟು ಬೇಗ ನಡೆಯಲು ಬರುವುದಿಲ್ಲ.

ತಿರುವಿನಲ್ಲಿ ನಿಂತೆ, ಇಬ್ಬರೂ ಬರಲಿ ಎಂದು.